ಅರ್ಹತೆ ಮೀರಿದ ಅಕ್ಕಾರು

ಅವರ ಕೈಗಳ ಹಿಂಬದಿ ಬ್ಲೀಚಿಂಗ್ ಪುಡಿಗೆ ಬಿರಿದು ಬೂದಿಯ ಬಣ್ಣಕ್ಕೆ ತಿರುಗಿತ್ತು. ಆ ಹಿಂಬದಿಯನ್ನೇ ಅವರು ರೋಗಿಯ ಪಾದಕ್ಕೆ ಹಚ್ಚುತ್ತಿದ್ದರು. ಪಾದದಿಂದ ಮೀನಖಂಡ, ಅಲ್ಲಿಂದ ಮೊಣಕಾಲು. ತಣ್ಣಗಿರುವುದು ಎಲ್ಲಿ ಮುಗಿದು ಬೆಚ್ಚಗಿರುವುದು ಎಲ್ಲಿ ಶುರುವಾಗುತ್ತದೆ ಎಂದು ಹುಡುಕುತ್ತ ಆ ಕೈ ಮೇಲೇರುತ್ತಿತ್ತು. ಒರಟು ತಾಗಿ ಎಷ್ಟೋ ಹೆಂಗಸರು ಕಾಲು ಎಳೆದುಕೊಳ್ಳುತ್ತಿದ್ದರು. "ಎಳಕೊಂಡ್ಯಲ್ಲ, ಜೀವ ಗಟ್ಟಿ ಐತಿ ಬಿಡು" ಎಂದು ಮುಂದಿನ ಮಂಚಕ್ಕೆ ಹೋಗುತ್ತಿದ್ದರು.

ಬಾಗಲಕೋಟೆಯ ಒಂದು ದವಾಖಾನೆಯಲ್ಲಿ, ಆಪರೇಷನ್ ಆದವರನ್ನು ಇಡುವ ವಾರ್ಡಿಗೆ ಅವರು ಹಿರಿಯ ನರ್ಸ್. ಡಾಕ್ಟರರಿಗೆ ಸಿಸ್ಟರ್, ನಮಗೆ ಅಕ್ಕಾರು. ದವಾಖಾನೆಯ ಹೆಸರನ್ನು ನಾನು ಬರೆಯುವುದಿಲ್ಲ. ಹೆದರಿಕೆಯಿಂದಲ್ಲ. ಹೆಸರು ಬರೆದರೆ ಓದಿದವರು 'ಅದೊಂದೇ ಹಾಗೆ' ಎಂದುಕೊಂಡು ಪಾರಾಗುತ್ತಾರೆ.

ನಾನು ಅಲ್ಲಿ ಸೇರಿದ್ದು ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ. ಅಣೆಕಟ್ಟಿನ ಹಿನ್ನೀರಿಗೆ ಹೆದರಿ ಅರ್ಧ ಊರು ಹೊಸದಾಗಿ ಕಟ್ಟಿದ ನವನಗರಕ್ಕೆ ಗಂಟು ಕಟ್ಟುತ್ತಿದ್ದ ಕಾಲ. ನಾನು ಇಳಕಲ್ಲಿನವಳು, ನೇಕಾರರ ಮಗಳು. ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದನ್ನು ಕಂಡವಳು ನಾನೊಬ್ಬಳೇ. ಅದು ನರ್ಸಿಂಗ್ ಡಿಗ್ರಿ ಎಂದು ಗೊತ್ತಾದಾಗ ಸೋದರತ್ತೆ ನಮ್ಮಪ್ಪನ ಮಗ್ಗದ ಪಕ್ಕದಲ್ಲೇ ನಿಂತು, "ಮಂದೀದು ಹೇಲು ಉಚ್ಚಿ ಬಳ್ಯಾಕ ಡಿಗ್ರಿ ಬೇಕೇನೋ?" ಎಂದು ಕೇಳಿದ್ದಳು. ಅಪ್ಪ ಲಾಳಿ ಎಸೆಯುವುದನ್ನು ನಿಲ್ಲಿಸಲಿಲ್ಲ. ನಾನು ಮಾತ್ರ ಆ ಮಾತನ್ನು ಮರೆಯಲಿಲ್ಲ. ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ ಬಿ.ಎಸ್ಸಿ. ಎಂಬುದನ್ನು ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡೆ.

ಅಕ್ಕಾರು ಶಿರೂರಿನ ಕಡೆಯವರು. ಓದಿದ್ದು ಡಿಪ್ಲೊಮಾ. ಮೊದಲ ದಿನ ನನ್ನ ಪಟ್ಟಿಯನ್ನು ಕನ್ನಡಕದ ಕೆಳಗಿನಿಂದ ಪೂರ್ತಿ ಓದಿ, "ಛಲೋ ಆತು. ಇನ್ನ ಕೆಲಸ ಕಲಿಯಾಕ ಶುರು ಮಾಡೂಣು" ಎಂದರು. ನನಗೆ ಉರಿದುಹೋಯಿತು.

ನಮ್ಮ ವಾರ್ಡಿನಲ್ಲಿ ಒಂದು ರೂಢಿ ಇತ್ತು. ಮಂಚದ ಕಾಲಿಗೆ ತೂಗುವ ಚಾರ್ಟಿನಲ್ಲಿ ಜ್ವರ, ನಾಡಿ, ಬಿ.ಪಿ., ಉಸಿರು ಎಂದು ನಾಲ್ಕು ಕಾಲಂ. ಮೊದಲ ಮೂರನ್ನು ನೋಡಿ ಬರೆಯುತ್ತಿದ್ದೆವು. ಉಸಿರನ್ನು ಯಾರೂ ಎಣಿಸುತ್ತಿರಲಿಲ್ಲ. ಅಲ್ಲಿ ಇಪ್ಪತ್ತು ಎಂದು ಬರೆದರೆ ಮುಗಿಯಿತು. ನಾಳೆ ಮನೆಗೆ ಹೋಗುವವನಿಗೂ ಇಪ್ಪತ್ತು, ನಾಳೆ ಸಾಯುವವನಿಗೂ ಇಪ್ಪತ್ತು. ನನ್ನ ಕಾಲೇಜಿನಲ್ಲಿ ಒಂದು ನಿಮಿಷ ಪೂರ್ತಿ ಎಣಿಸಬೇಕೆಂದು ಕಲಿಸಿದ್ದರು, ನಾನು ಪರೀಕ್ಷೆಯಲ್ಲಿ ಹಾಗೆಂದೇ ಬರೆದು ಅಂಕ ಪಡೆದಿದ್ದೆ. ವಾರ್ಡಿಗೆ ಬಂದ ಎರಡನೇ ವಾರಕ್ಕೆ ನಾನೂ ಇಪ್ಪತ್ತು ಬರೆಯತೊಡಗಿದೆ.

ಅಕ್ಕಾರು ಎಣಿಸುತ್ತಿದ್ದರು. ನಾಡಿ ಹಿಡಿದವರಂತೆ ಮಣಿಕಟ್ಟು ಹಿಡಿದು, ಕಣ್ಣನ್ನು ಎದೆಯ ಮೇಲಿಟ್ಟು, ಒಂದು ನಿಮಿಷ. ಎಣಿಸುವುದು ಗೊತ್ತಾದರೆ ಮಂದಿ ಉಸಿರನ್ನೂ ಚಂದ ಮಾಡಿ ತೋರಿಸುತ್ತಾರೆ ಎನ್ನುತ್ತಿದ್ದರು. ನಮಗೆ ಹೇಳಿ ಹೇಳಿ ಅವರ ಬಾಯಿ ಒಣಗಿತ್ತು: "ಬಿ.ಪಿ. ಕಡೀಗೆ ಬೀಳತೈತಿ. ಅದು ಬೀಳೂತನ ಕಾಯಬ್ಯಾಡ್ರಿ. ಉಸಿರು ಮೊದಲ ಹೇಳತೈತಿ, ಆಮ್ಯಾಲ ಉಚ್ಚಿ ಹೇಳತೈತಿ, ಆಮ್ಯಾಲ ಕಾಲು ಹೇಳತಾವು." ನಾವು ಹೂಂ ಎಂದು ಇಪ್ಪತ್ತು ಬರೆಯುತ್ತಿದ್ದೆವು.

ರಾಮಥಾಳದ ಹೆಣ್ಣುಮಗಳೊಬ್ಬಳಿಗೆ ಕರುಳಿನ ಆಪರೇಷನ್ ಆಗಿ ಮೂರನೇ ದಿನ. ಬೆಳಗಿನ ಪಾಳಿ ನನ್ನದು. ಹತ್ತಕ್ಕೆ ಇಪ್ಪತ್ತು, ಹನ್ನೆರಡಕ್ಕೆ ಇಪ್ಪತ್ತು ಬರೆದೆ. ಬಿ.ಪಿ. ನೂರಾ ಹತ್ತು ಇತ್ತು, ಅದು ಸುಳ್ಳಲ್ಲ. ಆಕೆ ಸುಮ್ಮಸುಮ್ಮನೆ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು, ಹೊದಿಕೆ ಕಿತ್ತೊಗೆಯುತ್ತಿದ್ದಳು. ಸೆಕೆ ಎಂದುಕೊಂಡೆ. ಮಧ್ಯಾಹ್ನ ಒಂದರ ಸುಮಾರಿಗೆ ಅಕ್ಕಾರು ಆ ಮಂಚದ ಹತ್ತಿರ ಹೋದರು. ಮೊಣಕಾಲಿನ ತನಕ ತಣ್ಣಗಿತ್ತು. ಮೂತ್ರದ ಚೀಲದಲ್ಲಿ ಬೆಳಗಿನಿಂದ ಒಂದು ಲೋಟವೂ ತುಂಬಿರಲಿಲ್ಲ. ಉಸಿರು ಎಣಿಸಿ ನನ್ನ ಕಡೆ ತಿರುಗಿ, ಮೂವತ್ತನಾಲ್ಕು ಎಂದರು. ಬೈಯಲಿಲ್ಲ.

ಆಕೆಗೆ ಆಪರೇಷನ್ ಮಾಡಿದ ಸರ್ಜನ್ ಆಗ ಊರಿನ ಇನ್ನೊಂದು ತುದಿಯಲ್ಲಿ ತಮ್ಮ ಸ್ವಂತ ನರ್ಸಿಂಗ್ ಹೋಮಿನಲ್ಲಿದ್ದರು. ಅಕ್ಕಾರು ಫೋನ್ ಮಾಡಿದರು. ಸರ್ಜನ್ ಕೇಳಿದ್ದು ಬಿ.ಪಿ. ಎಷ್ಟು ಎಂದು ಮಾತ್ರ. ನೂರಾ ಹತ್ತು ಎಂದಾಗ, ಹಾಗಾದರೆ ಗಾಬರಿ ಯಾಕೆ, ಸಂಜೆ ರೌಂಡಿಗೆ ಬರುತ್ತೇನೆ ಎಂದು ಇಟ್ಟರು. ಅಕ್ಕಾರು ಮತ್ತೆ ಮಾಡಿದರು. ಎತ್ತಲಿಲ್ಲ.

ಆಮೇಲೆ ಅವರು ಮಾಡಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಆಕ್ಸಿಜನ್ ಹಚ್ಚಿದರು. ಇನ್ನೊಂದು ಕೈಗೆ ದಪ್ಪ ಸೂಜಿ ಹಾಕಿ ಸಲೈನನ್ನು ಪೂರ್ತಿ ಬಿಟ್ಟರು. ಪರೀಕ್ಷೆಗೆ ರಕ್ತ ಕಳಿಸಿದರು. ನಂತರ ತಾವೇ ಥಿಯೇಟರಿಗೆ ಹೋಗಿ, ಊಟಕ್ಕೆ ಕೂತಿದ್ದ ಅರಿವಳಿಕೆ ಡಾಕ್ಟರನ್ನು ಡಬ್ಬಿಯ ಮುಂದಿನಿಂದ ಎಬ್ಬಿಸಿಕೊಂಡು ಬಂದರು. ಆ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು, ಕೂಡಲೇ ಬೇರೊಬ್ಬ ಸರ್ಜನ್ನರಿಗೆ ಫೋನ್ ಹಚ್ಚಿದರು. ಹೊತ್ತು ಮುಳುಗುವ ಮೊದಲು ಹೊಟ್ಟೆ ಮತ್ತೆ ತೆರೆದರು. ಒಳಗಿನ ಹೊಲಿಗೆ ಬಿಟ್ಟು ಕೀವು ತುಂಬಿತ್ತು. ಆಕೆ ಮೂರು ವಾರ ಮಲಗಿ, ಎದ್ದು, ನಡೆದುಕೊಂಡು ಮನೆಗೆ ಹೋದಳು.

ಇಷ್ಟಕ್ಕೆ ಅಕ್ಕಾರಿಗೆ ಸಿಕ್ಕಿದ್ದು ವಿಚಾರಣೆ.

ಸರ್ಜನ್ ದೂರು ಕೊಟ್ಟರು. ಆದೇಶವಿಲ್ಲದೆ ಚಿಕಿತ್ಸೆ ಮಾಡಿದ್ದಾಳೆ, ತಮ್ಮ ರೋಗಿಯನ್ನು ಬೇರೆಯವರ ಕೈಗೆ ಹಾಕಿದ್ದಾಳೆ, ಫೋನ್ ಬಂದ ಹೊತ್ತಿಗೆ ರೋಗಿಗೆ ಏನೂ ಆಗಿರಲಿಲ್ಲ, ಕೆಟ್ಟದ್ದು ಆಮೇಲೆ ಎಂದು. ಏನೂ ಆಗಿರಲಿಲ್ಲ ಎನ್ನುವುದಕ್ಕೆ ಅವರ ಹತ್ತಿರ ಸಾಕ್ಷಿ ಇತ್ತು. ಹನ್ನೆರಡು ಗಂಟೆಗೆ ಇಪ್ಪತ್ತಿದ್ದ ಉಸಿರು ಒಂದಕ್ಕೆ ಮೂವತ್ತನಾಲ್ಕು ಹೇಗಾಗುತ್ತದೆ? ಸಿಸ್ಟರು ಆಮೇಲೆ ತಮಗೆ ಬೇಕಾದ್ದು ಬರೆದುಕೊಂಡಿದ್ದಾರೆ ಎಂಬುದು ಅವರ ವಾದ. ಅವರ ಸಾಕ್ಷಿ ನನ್ನ ಕೈಬರಹ.

ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆಫೀಸಿನ ಗುಮಾಸ್ತರು ನನ್ನನ್ನು ಕರೆದು ಚಹಾ ತರಿಸಿಕೊಟ್ಟು, ಹೊಸದಾಗಿ ಏನೂ ಹೇಳುವುದು ಬೇಡ, ಚಾರ್ಟಿನಲ್ಲಿದ್ದದ್ದು ಸರಿ ಎಂದರೆ ಸಾಕು ಎಂದು ತಿಳಿಹೇಳಿದರು. ನಾನು ಎರಡು ದಿನ ಊಟ ಬಿಟ್ಟೆ. ಮೂರನೇ ದಿನ ಅಕ್ಕಾರ ಮನೆಗೆ ಹೋದೆ. ಅವರು ಜೋಳ ಹಸನು ಮಾಡುತ್ತ ಕೂತಿದ್ದರು. ನಾನು ಅತ್ತೆ. ಅವರು ಮೊರವನ್ನು ಕೆಳಗಿಡಲಿಲ್ಲ.

"ನನ್ನ ಸಲುವಾಗಿ ಏನೂ ಹೇಳಬ್ಯಾಡ ತಂಗಿ" ಎಂದರು. "ನೀ ಎಣಿಸಿದ್ಯೋ ಇಲ್ಲೋ? ಅಷ್ಟ ಹೇಳು. ನಿನ್ನ ಮುಂದ ಇನ್ನೂ ಎಷ್ಟೋ ಮಂಚ ಅದಾವಲ್ಲ, ಅವುಗಳ ಸಲುವಾಗಿ ಹೇಳು."

ವಿಚಾರಣೆಯ ಕೋಣೆಯಲ್ಲಿ ನಾಲ್ಕು ಜನ ಇದ್ದರು, ಬಿಸ್ಕಿಟ್ಟಿನ ತಟ್ಟೆ ಇತ್ತು. ಅಕ್ಕಾರಿಗೆ ಕುರ್ಚಿ ಹಾಕಿರಲಿಲ್ಲ. ಸರ್ಜನ್ ನನ್ನ ಎದೆಯ ಪಟ್ಟಿಯತ್ತ ಬೆರಳು ತೋರಿಸಿ ಉಳಿದವರಿಗೆ ಹೇಳಿದರು: "ನೋಡ್ರಿ, ಬಿ.ಎಸ್ಸಿ. ಓದಿದ ಹುಡುಗಿ ಬರದದ್ದು ಸುಳ್ಳು, ಡಿಪ್ಲೊಮಾದಾಕಿ ಹೇಳಿದ್ದು ಖರೆ ಅಂತ ನಂಬೂಣೇನು?"

ನಾನು ಹಸಿದು, ಬೈಸಿಕೊಂಡು, ಹಾಸ್ಟೆಲ್ಲಿನ ವರಾಂಡದ ದೀಪಕ್ಕೆ ಪುಸ್ತಕ ಹಿಡಿದು ಗಳಿಸಿದ ಡಿಗ್ರಿ ಅದು. ಅದನ್ನು ಆ ಮನುಷ್ಯ ಉರುಳು ಮಾಡಿ ಅಕ್ಕಾರ ಕುತ್ತಿಗೆಗೆ ಹಾಕುತ್ತಿದ್ದ.

"ಸುಳ್ಳರಿ" ಎಂದೆ. "ನಾ ಎಣಿಸಿಲ್ರಿ. ಎಲ್ಲಾರೂ ಬರಿಯೂಹಂಗ ಬರದೇನಿ."

ಸರ್ಜನ್ ನಕ್ಕರು. ಹಾಗಾದರೆ ಈ ವಾರ್ಡಿನ ಚಾರ್ಟುಗಳೆಲ್ಲ ಸುಳ್ಳು ಎಂದಂತಾಯಿತು ಎಂದರು.

"ಹೌದ್ರಿ" ಎಂದರು ಅಕ್ಕಾರು, ನಿಂತಲ್ಲಿಂದಲೇ. "ಹತ್ತು ವರ್ಷದಿಂದ ಅದನ್ನ ಹೇಳಾಕತ್ತೇನ್ರಿ."

ಸತ್ಯ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬಿದ್ದೆ. ಸರಿಹೋಗಲಿಲ್ಲ. ನನ್ನನ್ನು ಖಾಯಂ ಮಾಡುವುದನ್ನು ಒಂದು ವರ್ಷ ಮುಂದೂಡಿದರು. ಅದು ನ್ಯಾಯವೇ, ನನ್ನ ತಪ್ಪಿಗೆ ಅಷ್ಟು ಕಡಿಮೆಯೇ ಆಯಿತು. ಅಕ್ಕಾರಿಗೆ ಮೆಮೊ ಬಂತು: 'ತಾವು ತಮ್ಮ ಅರ್ಹತೆಯನ್ನು ಮೀರಿ ಚಿಕಿತ್ಸೆ ನೀಡಿರುತ್ತೀರಿ.' ರೋಗಿ ಬದುಕಿದ್ದರ ಬಗ್ಗೆ ಅದರಲ್ಲಿ ಒಂದು ಸಾಲಿಲ್ಲ. ಫೋನ್ ಎತ್ತದವರ ಬಗ್ಗೆ ಅರ್ಧ ಸಾಲೂ ಇಲ್ಲ. ವಾರ್ಡಿನಿಂದ ತೆಗೆದು ಅವರನ್ನು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಕತ್ತರಿಸುವ ಕೋಣೆಗೆ ಹಾಕಿದರು. ಆ ಕಣ್ಣು, ಆ ಕೈ ಇಟ್ಟುಕೊಂಡು ನಿವೃತ್ತಿಯ ತನಕ ಅವರು ಆ ಬಟ್ಟೆ ಕತ್ತರಿಸಿ ಮಡಚಿದರು. ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಅದಕ್ಕಿಂತ ನಾಚಿಕೆಗೇಡು ಇನ್ನೊಂದು. ಕಿರಿಯ ಡಾಕ್ಟರರು ಏನೂ ತಿಳಿಯದಾದಾಗ ಆ ಕೋಣೆಯ ಬಾಗಿಲಿಗೆ ಬಂದು, "ಅಕ್ಕಾರ, ಒಂದ್ಸಲ ಬಂದು ನೋಡ್ರಿ" ಎಂದು ಪಿಸುಗುಡುತ್ತಿದ್ದರು. ಅವರು ಕತ್ತರಿ ಇಟ್ಟು ಬರುತ್ತಿದ್ದರು, ನೋಡುತ್ತಿದ್ದರು, ಏನು ಮಾಡಬೇಕೆಂದು ಹೇಳುತ್ತಿದ್ದರು. ಹೋಗುವಾಗ, "ನಾ ನೋಡಿಲ್ಲ, ನೀವ ನೋಡೀರಿ" ಎನ್ನುತ್ತಿದ್ದರು. ಡಾಕ್ಟರರೂ ಹಾಗೆಂದೇ ಬರೆಯುತ್ತಿದ್ದರು.

ಮುಂದೆ ಓದು ಎಂದು ನನ್ನ ಬೆನ್ನು ಹತ್ತಿದ್ದು ಅಕ್ಕಾರೇ. ಎಂ.ಎಸ್ಸಿ.ಗೆ ಸೇರಿದಾಗ ಗ್ರಂಥಾಲಯದಲ್ಲಿ ದಪ್ಪನೆಯ ವಿದೇಶಿ ಪುಸ್ತಕವೊಂದು ಸಿಕ್ಕಿತು. ಜೀವಕ್ಕೆ ಕುತ್ತು ಬಂದ ರೋಗಿಯನ್ನು ತಾವೇ ಪರೀಕ್ಷಿಸಿ, ತಾವೇ ಚಿಕಿತ್ಸೆ ಶುರು ಮಾಡುವ ನರ್ಸುಗಳ ಅರ್ಹತಾ ಪರೀಕ್ಷೆಗೆ ಬರೆದದ್ದು. ತೆರೆದರೆ ಪುಟಪುಟಕ್ಕೂ ಅಕ್ಕಾರು. ಉಸಿರು ಮೊದಲು, ಬಿ.ಪಿ. ಕಡೆಗೆ, ಮೂತ್ರದ ಅಳತೆ, ತಣ್ಣಗಾಗುವ ಕಾಲು, ಕಾರಣವಿಲ್ಲದೆ ಚಡಪಡಿಸುವ ರೋಗಿ. ಅಲ್ಲಿ ಇದಕ್ಕೆ ಪ್ರಮಾಣಪತ್ರ ಕೊಡುತ್ತಾರೆ. ನಮ್ಮಲ್ಲಿ ಮೆಮೊ ಕೊಟ್ಟಿದ್ದರು.

ರಜೆಯಲ್ಲಿ ಆ ಪುಟಗಳನ್ನು ಜೆರಾಕ್ಸ್ ಮಾಡಿಸಿ ಒಯ್ದೆ. ಅವರು ನಿವೃತ್ತರಾಗಿ ಶಿರೂರಿಗೆ ಬಂದಿದ್ದರು, ಎದೆಯ ತೊಂದರೆ ಶುರುವಾಗಿತ್ತು. ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಅವರು ಒಂದೆರಡು ಕಡೆ ತಡೆದು, ಇದು ಹೀಗಲ್ಲ ಎಂದು ತಿದ್ದಿದರು. ಕಡೆಗೆ ಕೇಳಿದರು: "ಇದನ್ನ ಪಾಸಾದ್ರ ಸಲೈನ್ ಬಿಡಾಕ ಯಾರನ್ನೂ ಕೇಳಬೇಕಿಲ್ಲನು?"

ಅಲ್ಲಿ ಕೇಳಬೇಕಿಲ್ಲ ಎಂದೆ.

ಅವರು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ಅಂಚು ಸರಿಮಾಡಿದರು. "ನನಗ ಯಾರೂ ಪರೀಕ್ಷಾ ಇಡಲಿಲ್ಲ ನೋಡು. ಇಟ್ಟಿದ್ರ ಬರೀತಿದ್ದೆ."

ಮುಂದಿನ ವರ್ಷ ತೀರಿಕೊಂಡರು. ದವಾಖಾನೆಯಲ್ಲಿ ಸಂತಾಪ ಸಭೆ ಮಾಡಿದರು. ತಾಯಿಯ ಹೃದಯ, ತ್ಯಾಗ, ಸದಾ ನಗುಮುಖ ಎಂದೆಲ್ಲ ಮಾತಾಡಿದರು. ಅವರ ಕೈಕೆಳಗೆ ದುಡಿದವಳು ನಾನು, ವಾರ್ಡಿನಲ್ಲಿ ಅವರು ನಕ್ಕದ್ದು ನನಗೆ ನೆನಪಿಲ್ಲ. ಅವರಿಗೆ ಕೆಲಸ ತಿಳಿದಿತ್ತು ಎಂದು ಒಬ್ಬರೂ ಹೇಳಲಿಲ್ಲ. ತ್ಯಾಗ ಎಂದರೆ ಯಾರ ಗಂಟೂ ಹೋಗುವುದಿಲ್ಲ. ತಿಳಿದಿತ್ತು ಎಂದರೆ ಉತ್ತರ ಕೊಡಬೇಕಾಗುತ್ತದೆ.

ಆ ಮೆಮೊ ಹಿಂದಕ್ಕೆ ಪಡೆಯಿರಿ ಎಂದು ನಾನು ಅರ್ಜಿ ಕೊಟ್ಟೆ. ನನ್ನ ಸುಳ್ಳು ಅಂಕಿಯ ಮೇಲೆ ನಿಂತ ವಿಚಾರಣೆ ಅದು ಎಂದು ಸಹಿ ಮಾಡಿ ಬರೆದುಕೊಟ್ಟೆ. ಸಂಬಂಧಪಟ್ಟವರು ಮೃತರಾಗಿರುವುದರಿಂದ ಕಡತವನ್ನು ಮುಕ್ತಾಯಗೊಳಿಸಲಾಗಿದೆ ಎಂದು ಉತ್ತರ ಬಂತು. ನಾನು ಮತ್ತೆ ಬರೆದೆ. ಅವರು ಮೀರಿದ ಅರ್ಹತೆ ಯಾವುದು, ಆ ದಿನ ಮಧ್ಯಾಹ್ನ ಆ ದವಾಖಾನೆಯಲ್ಲಿ ಅದು ಯಾರ ಹತ್ತಿರ ಇತ್ತು, ಅಷ್ಟನ್ನೇ ತಿಳಿಸಿ ಎಂದು ಕೇಳಿದೆ. ಇವತ್ತಿನ ತನಕ ಉತ್ತರ ಬಂದಿಲ್ಲ.