ಅತ್ತೆಯ ತಲೆ, ಅಂಗೈಯ ಲಿಂಗ

ಗೋಕಾಕದ ಸ್ಕ್ಯಾನ್ ಸೆಂಟರಿನಲ್ಲಿ ಎಂಆರ್‌ಐ ಮಾಡುವುದು ನನ್ನ ಕೆಲಸ. ನಮ್ಮತ್ತೆಗೆ ಅದು ಕೆಲಸವೇ ಅಲ್ಲ. "ಮಂದಿ ತಲಿ ಫೋಟೋ ತಗಿಯಾಕ ದಿನಾ ಬಸ್ ಹತ್ತಬೇಕೇನು?" ಎಂದು ಹುಕ್ಕೇರಿಯ ಮನೆ ಬಾಗಿಲಲ್ಲಿ ನಿಂತು ಗೊಣಗುತ್ತಿದ್ದರು.

ಅಂಥ ಗಟ್ಟಿಗಿತ್ತಿ ಒಮ್ಮೆ ಬಚ್ಚಲಲ್ಲಿ ಜಾರಿಬಿದ್ದರು. ಎದ್ದು ಓಡಾಡಿದ್ದು ನೋಡಿ ನಾವೆಲ್ಲ ಮರೆತೆವು. ಕೆಲವು ವಾರಗಳ ಮೇಲೆ ಇದ್ದಕ್ಕಿದ್ದಂತೆ ಬಡಬಡಿಸತೊಡಗಿದರು. ಎಂದೋ ಮಾರಿದ ಎಮ್ಮೆಯನ್ನು ಕರೆದರು, ನನ್ನನ್ನು ನೋಡಿ "ಯಾರವಾ ನೀ?" ಅಂದರು. ಮೂಡಲಗಿಯಿಂದ ಬಂದ ಅವರ ತಂಗಿ, "ಅರಳು ಮರಳು ಆಗೈತಿ, ಆಕಿನ್ನ ಕಾಡಬ್ಯಾಡ್ರಿ" ಎಂದುಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ವಯಸ್ಸಿನ ಮರೆವು ಹೀಗೆ ಒಮ್ಮೆಲೇ ಬರುವುದಿಲ್ಲ, ಒಳಗೆ ಏನೋ ಕಾರಣ ಇರಲೇಬೇಕು. ರಕ್ತಪರೀಕ್ಷೆಯಲ್ಲಿ ಏನೂ ಸಿಗದೆ, ಡಾಕ್ಟರೂ ಮೆದುಳಿನ ಎಂಆರ್‌ಐ ಬರೆದರು.

ನಮ್ಮ ಸೆಂಟರಿಗೇ ಕರೆತಂದೆ. ಆದರೆ ಅತ್ತೆ ಅಲುಗಾಡದೆ ಮಲಗಬೇಕಲ್ಲ! ಯಂತ್ರದೊಳಗೆ ಹೋಗುತ್ತಲೇ ಎದೆ ತಡಕಾಡಿ ಚೀರಿದರು. ಚಿತ್ರ ಬರೀ ಮಸುಕು. ಮಂಪರಿನ ಮದ್ದು ಕೊಡಲು ಡಾಕ್ಟರು ಹಿಂಜರಿದರು.

ಎದೆ ಯಾಕೆ ತಡಕಾಡುತ್ತಾರೆ? ಥಟ್ಟನೆ ಹೊಳೆಯಿತು. ಯಂತ್ರಕ್ಕೆ ಲೋಹ ಆಗದೆಂದು ಕೊರಳಿನ ಬೆಳ್ಳಿ ಕರಡಿಗೆಯನ್ನು ಒಳಗಿನ ಇಷ್ಟಲಿಂಗದ ಸಮೇತ ತೆಗೆಸಿದ್ದೆವು. ಮದುವೆಗೂ ಮುಂಚಿನಿಂದ ಮೈಮೇಲಿದ್ದ ಲಿಂಗ! ಅದನ್ನು ಕೊಟ್ಟ ಮಠಕ್ಕೆ ಫೋನು ಮಾಡಿದೆ.

"ಲಿಂಗದಾಗ ಕಬ್ಬಿಣ ಏನರ ಐತೇನ್ರಿ?"

"ಇಲ್ಲವಾ, ಒಳಗ ಕಲ್ಲು, ಮ್ಯಾಲ ಕರಿ ಲೇಪ, ಅಷ್ಟ."

ಆದರೂ ಅಯಸ್ಕಾಂತ ಹಿಡಿದು ನೋಡಿದೆ, ಅಂಟಲಿಲ್ಲ. ಡಾಕ್ಟರು ಒಪ್ಪಿದರು. "ಅತ್ತಿ, ಪೂಜಿ ಹೊತ್ತಾತ್ರಿ" ಎಂದು ಲಿಂಗವನ್ನು ಅದಕ್ಕೆ ಸುತ್ತಿದ ಬಟ್ಟೆಯ ಸಮೇತ ಎಡ ಅಂಗೈಯಲ್ಲಿಟ್ಟೆ. ಬಡಬಡಿಕೆ ನಿಂತಿತು. ದಿನಾ ಬೆಳಿಗ್ಗೆ ಪೂಜೆಗೆ ಅಂಗೈಯ ಲಿಂಗವನ್ನೇ ನೋಡುತ್ತ ಮಿಸುಕದೆ ಕೂತು ರೂಢಿಯಾದ ಮೈ ಅದು. ಯಂತ್ರ ಎಷ್ಟು ಬಡಿದುಕೊಂಡರೂ ಒಂದು ಬೆರಳೂ ಅಲುಗಲಿಲ್ಲ. ಪರದೆಯ ಮೇಲೆ ಚಿತ್ರ ನಿಚ್ಚಳವಾಗಿ ಬಂತು: ತಲೆಬುರುಡೆಯ ಒಳಗೆ ರಕ್ತ ಕಟ್ಟಿ ಮೆದುಳನ್ನು ಒತ್ತುತ್ತಿತ್ತು. ಬಚ್ಚಲಿನ ಪೆಟ್ಟು! "ಅರಳು ಮರಳಲ್ರೀ ಇದು!" ಎಂದು ಕೂಗಿಯೇಬಿಟ್ಟೆ. ನನ್ನ ಕೆಲಸದ ಬಗ್ಗೆ ಅಷ್ಟು ಹೆಮ್ಮೆ ಎಂದೂ ಅನಿಸಿರಲಿಲ್ಲ. ಬೆಳಗಾವಿಯಲ್ಲಿ ಆಪರೇಷನ್ ಮಾಡಿ ರಕ್ತ ತೆಗೆದರು.

ಈಗ ಬೆಲ್ಲದ ಬಾಗೇವಾಡಿಯ ಬೀಗರು ಬಂದರೆ ಸಾಕು, ಅತ್ತೆ ಸ್ಕ್ಯಾನಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. "ಬುದ್ಧಿ ಕೆಟ್ಟೈತಿ ಅಂದ್ರು ಎಲ್ಲಾರೂ. ನೋಡ್ರಿ, ನಮ್ಮ ಸೊಸಿ ತಗದದ್ದು."

ಮೊನ್ನೆ ನಾನು ಆ ಬೀಗರೊಂದಿಗೆ ಹರಟುತ್ತ ಕೂತೇ ಇದ್ದೆ. ಅತ್ತೆ ನನ್ನ ಬುತ್ತಿಯ ಗಂಟು ಹಿಡಿದು ಬಾಗಿಲಿಗೆ ಬಂದು ಬೈದರು: "ಏಳವಾ, ಬಸ್ ತಪ್ಪತೈತಿ. ಅಲ್ಲಿ ಯಾರದರ ತಲಿ ನಿನ್ನ ಕಾಯಾಕತ್ತಿರತೈತಿ."