ಲೆಕ್ಕಕ್ಕಿಲ್ಲದ ಜೇಬು

ನನ್ನ ಗಂಡನನ್ನು ಎಲ್ಲರೂ ಜಿಪ್ಪಣ್ಣ ಎಂದೇ ಕರೆಯುವುದು. ಹಳೆಯ ಸೈನಿಕ ಉಡುಪು ಏನೇ ಮುಂದಿಟ್ಟರೂ ಮೊದಲು ಅದರ ಜಿಪ್ಪು ಎಳೆದು ನೋಡುತ್ತಾರೆ, ಅದಕ್ಕೆ ಆ ಹೆಸರು. ನನಗೆ ಮಾತ್ರ ಯಾರೂ ಹೆಸರಿಟ್ಟಿಲ್ಲ. ಬಂದವರ ಪಾಲಿಗೆ ನಾನು ಬಾಗಿಲಲ್ಲಿ ಕಾಣಿಸುವ ಟೀ ತಟ್ಟೆ, ಅಷ್ಟೇ.

ಇಬ್ಬರೂ ವಾಯುಪಡೆಯ ಹೊಲಿಗೆ ವಿಭಾಗದಲ್ಲಿ ದುಡಿದವರು. ನಾನು ಹತ್ತೊಂಬತ್ತನೇ ವಯಸ್ಸಿಗೆ ಮೆಷಿನ್ ಮುಂದೆ ಕೂತವಳು. ಅವರು ಬಂದದ್ದು ಎರಡು ವರ್ಷದ ನಂತರ, ಅದೂ ಉಗ್ರಾಣದ ಗುಮಾಸ್ತರಾಗಿ. ಸೂಜಿಗೆ ದಾರ ಪೋಣಿಸಲು ಅವರಿಗೆ ಇವತ್ತಿಗೂ ಬರುವುದಿಲ್ಲ. ಅಂಗಿಯ ಗುಂಡಿ ಕಿತ್ತರೆ ನಾನೇ ಬೇಕು. ಆದರೆ ಜ್ಞಾಪಕಶಕ್ತಿ ಎಂದರೆ ಅವರದು, ಸುಳ್ಳು ಹೇಳಬಾರದು. ವಿಮಾನದವರು ಮೇಲಂಗಿಯ ಮೇಲೆ ತೊಡುವ ವೆಸ್ಟ್ ಇದೆಯಲ್ಲ, ತೋಳಿಲ್ಲದ್ದು, ಮೈತುಂಬ ಜೇಬಿನದು, ವಿಮಾನ ಬಿದ್ದು ಜೀವ ಉಳಿದರೆ ಬೇಕಾಗುವ ಸೀಟಿ, ಕನ್ನಡಿ, ಚಾಕು, ದಿಕ್ಸೂಚಿ ಇಡುವುದು, ಅದರ ಜಾತಕವೇ ಅವರ ತಲೆಯಲ್ಲಿತ್ತು. ಹಿತ್ತಾಳೆ ಜಿಪ್ಪು ಯಾವಾಗ ಹೋಗಿ ಪ್ಲಾಸ್ಟಿಕ್ ಬಂತು, ರೇಡಿಯೊ ಜೇಬು ಎಡದಿಂದ ಬಲಕ್ಕೆ ಯಾವಾಗ ಹಾರಿತು, ಎಲ್ಲ ಬಾಯಿಪಾಠ.

ನಿವೃತ್ತಿಯಾದ ಮೇಲೆ ಆ ಬಾಯಿಪಾಠಕ್ಕೆ ಗಿರಾಕಿಗಳು ಹುಟ್ಟಿಕೊಂಡರು. ಹಳೆಯ ಸಾಮಾನು ಕೂಡಿಡುವವರು ಬಂದರು. ಹಳೆಯ ಯುದ್ಧಗಳನ್ನು ಬಯಲಿನಲ್ಲಿ ಆಡಿ ತೋರಿಸುವವರೂ ಬಂದರು. ವಾರವಿಡೀ ಬ್ಯಾಂಕಿನಲ್ಲಿ ಠಸ್ಸೆ ಒತ್ತಿ ರಜೆಯ ದಿನ ಯುದ್ಧಕ್ಕೆ ಹೊರಡುವ ಮಹಾಶೂರರು! ಅವರಿಗೆಲ್ಲ ಒಂದೇ ಚಿಂತೆ: ಈ ವೆಸ್ಟ್ ಆ ಕಾಲದ್ದೇ ಹೌದೋ ಅಲ್ಲವೋ. ನಮ್ಮ ನಡುಮನೆಯ ಮೇಜಿನ ಮೇಲೆ ದೀಪ ಎಳೆದುಕೊಂಡು ಇವರು ತೀರ್ಪು ಕೊಡುತ್ತಿದ್ದರು. ಒಳಗಿನ ಚೀಟಿಯನ್ನು ಕೊನೆಗೆ ನೋಡುತ್ತಿದ್ದರು, ಏಕೆಂದರೆ ಅಸಲಿ ವೆಸ್ಟಿನ ಚೀಟಿ ಬಿಚ್ಚಿ ನಕಲಿಗೆ ಹೊಲಿಯುವವರು ಬೇಕಾದಷ್ಟು ಜನ ಇದ್ದಾರೆ. ದಾರದ ತುದಿ ಕತ್ತರಿಸಿ ಕಡ್ಡಿ ಗೀರಿ ಸುಡುತ್ತಿದ್ದರು. ನೈಲಾನ್ ಆದರೆ ಕರಗಿ ಮಣಿಯಾಗುತ್ತದೆ, ಹತ್ತಿಯಾದರೆ ಬೂದಿಯಾಗುತ್ತದೆ. ನಮ್ಮ ವಿಭಾಗದಲ್ಲಿ ವೆಸ್ಟಿಗೆ ನೈಲಾನ್ ಬಿಟ್ಟು ಬೇರೆ ದಾರ ಮುಟ್ಟುವಂತಿರಲಿಲ್ಲ. ಬೂದಿ ಕಂಡರೆ ಮುಗಿಯಿತು, "ತಗೊಂಡ್ಹೋಗಿ, ಇದು ಲೆಕ್ಕಕ್ಕಿಲ್ಲ" ಎನ್ನುತ್ತಿದ್ದರು.

ಒಂದು ದಿನ ಯುದ್ಧದಾಟದವನೊಬ್ಬ, ಈ ಜೇಬಿನ ಮೂಲೆಗೆ ಮೂರು ಸಾಲು ಹೊಲಿಗೆ ಯಾಕೆ ಎಂದು ಕೇಳಿದ. ಇವರು ತಡವರಿಸಿದರು. ಟೀ ತಂದಿದ್ದ ನಾನು, "ಕೈಗೆ ಗ್ಲೌಸ್ ಹಾಕ್ಕೊಂಡು ಎಳೀತಾರಪ್ಪ, ಮೊದಲು ಹರಿಯೋದೇ ಅಲ್ಲಿ" ಎಂದೆ.

"ನೀನು ಒಳಗೆ ಹೋಗೇ. ಹೊಲಿಯೋದು ಬೇರೆ, ಗುರುತು ಹಿಡಿಯೋದು ಬೇರೆ" ಎಂದರು. ಕೂತವರೆಲ್ಲ ನಕ್ಕರು.

ಪಿತ್ತ ನೆತ್ತಿಗೇರಿತು. ಇಪ್ಪತ್ತೆಂಟು ವರ್ಷ ಬೆರಳು ಚುಚ್ಚಿಸಿಕೊಂಡವಳು ನಾನು! ಅವತ್ತಿನಿಂದ ಬಾಯಿಗೆ ಬೀಗ ಹಾಕಿಕೊಂಡೆ.

ಅದಾದ ಎರಡೇ ವಾರಕ್ಕೆ ಟೀಚರ್ ಬಂದರು. ಶಾಲೆಯಿಂದ ನಿವೃತ್ತರಾದವರು, ನಮ್ಮ ಬೀದಿಯಿಂದ ಮೂರನೇ ಬೀದಿ. ಅವರ ಯಜಮಾನರು ವಿಮಾನದಲ್ಲಿ ನಕ್ಷೆ ನೋಡಿ ದಾರಿ ಹೇಳುವ ಅಧಿಕಾರಿಯಾಗಿದ್ದವರು, ಮೂವತ್ತೊಂಬತ್ತು ವರ್ಷದ ಹಿಂದೆ ಹೋದವರು ಮರಳಲಿಲ್ಲ. ದೇಹವೂ ಸಿಗಲಿಲ್ಲ. ಮನೆಗೆ ಬಂದದ್ದು ಒಂದು ಪೆಟ್ಟಿಗೆ, ಅದರಲ್ಲಿ ಅವರ ಇನ್ನೊಂದು ವೆಸ್ಟ್. ಈಗ ಮ್ಯೂಸಿಯಮ್ಮಿನವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಅವರ ಹೆಸರು ಬರೆಸುತ್ತೇವೆ ಎಂದಿದ್ದರು. ಅದು ಅವರದೇ ಎಂದು ಜಿಪ್ಪಣ್ಣನವರ ಕೈಬರಹ ಒಂದಿದ್ದರೆ ಸಾಕು ಎಂದಿದ್ದರು.

"ಅವ್ರಿಗೆ ಸಮಾಧಿ ಅಂತೇನೂ ಇಲ್ವಲ್ಲ. ಹೆಸರು ಇರೋ ಜಾಗ ಅಂತ ಇದೊಂದೇ ಆಗುತ್ತೆ" ಎಂದರು ಟೀಚರ್.

ನಾನು ಅಡುಗೆಮನೆಯಲ್ಲಿ ಟೀಗೆ ನೀರಿಟ್ಟಿದ್ದೆ. ಜಿಪ್ಪು ಎಳೆದ ಸದ್ದು ಕೇಳಿಸಿತು. "ಜಿಪ್ಪು ಸರಿಯಾಗಿದೆ" ಎಂದರು ಇವರು. ಸ್ವಲ್ಪ ಹೊತ್ತು ಬಿಟ್ಟು, "ಇದೇನಿದು ಒಳಗಡೆ, ಎಡಗಡೆ, ಉದ್ದಕ್ಕೆ ಒಂದು ಜೇಬು? ಯಾವ ವರ್ಷದ್ರಲ್ಲೂ ಇದಿಲ್ಲವಲ್ಲ" ಎಂದರು. ಕಡ್ಡಿ ಗೀರಿದ ಸದ್ದು. ಹತ್ತಿ ಸುಟ್ಟ ವಾಸನೆ ಒಳಗಿನವರೆಗೂ ಬಂತು.

"ಈ ಜೇಬಿನ ದಾರ ಮಾತ್ರ ಹತ್ತಿ, ಆಮೇಲೆ ಹೊಲಿಸಿದ್ದು. ಕನ್ನಡಕದ ಅಳತೆ ಇದು. ನಿಮ್ಮ ಯಜಮಾನ್ರು ಕನ್ನಡಕ ಹಾಕ್ತಿದ್ರಾ?"

"ಅಯ್ಯೋ, ಇಲ್ಲಪ್ಪ. ಹದ್ದಿನ ಕಣ್ಣು ಅವ್ರದು."

"ಹಾಗಾದ್ರೆ ಇದು ಅವ್ರದಲ್ಲ ಟೀಚರ್. ಪೆಟ್ಟಿಗೆ ತುಂಬೋವಾಗ ಅದಲು ಬದಲಾಗಿದೆ."

ಆ ಜೇಬು ಹೊಲಿದದ್ದು ನಾನು. ಎತ್ತರದ ಅಧಿಕಾರಿಯೊಬ್ಬರು ಊಟದ ಬಿಡುವಿನಲ್ಲಿ ಬಂದು, ಕಿಸೆಯಿಂದ ಕನ್ನಡಕ ತೆಗೆದು ಒಮ್ಮೆ ಹಾಕಿ ತೋರಿಸಿ, "ನಕ್ಷೆಯ ಸಣ್ಣಕ್ಷರ ಕಾಣಲ್ಲಮ್ಮ. ಗೊತ್ತಾದ್ರೆ ಹಾರೋಕೇ ಬಿಡಲ್ಲ. ಯಾರಿಗೂ ಹೇಳ್ಬೇಡ, ನನ್ನ ಹೆಂಡ್ತಿಗೂ ಗೊತ್ತಿಲ್ಲ" ಎಂದಿದ್ದರು. ವಿಭಾಗದ ದಾರ ತೆಗೆದರೆ ಯಾಕೆಂದು ಬರೆಯಬೇಕಿತ್ತು. ನನ್ನ ಚೀಲದಲ್ಲಿದ್ದ ಹತ್ತಿ ದಾರದಲ್ಲೇ ಹೊಲಿದುಕೊಟ್ಟೆ. ನಾನು ಎಡಗೈಯವಳು, ನನ್ನ ಗಂಟು ಎಲ್ಲರಂತಲ್ಲ, ತಿರುವುಮುರುವು.

ಆಗಲೇ ಹೊರಗೆ ಹೋಗಿ ಹೇಳಬೇಕಿತ್ತು. ನಾಲ್ಕು ಹೆಜ್ಜೆ. ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದರೆ, ಖುಷಿಯಾಗಿತ್ತು. ಹೌದು, ಖುಷಿಯೇ. ತಪ್ಪು ಬರೆಯಲಿ, ಸಹಿ ಹಾಕಲಿ, ಆಮೇಲೆ ಅದೇ ಗಿರಾಕಿಗಳ ಮುಂದೆ ಬಾಯಿ ಬಿಡುತ್ತೇನೆ, ಒಂದು ಸಲವಾದರೂ ಇವರ ಮುಖ ಸಣ್ಣದಾಗಲಿ ಎಂದುಕೊಂಡೆ. ಅದು ಅವರದಲ್ಲ ಎಂದು ಇವರು ಬರೆದರು. ನಾನು ಟೀ ತೆಗೆದುಕೊಂಡು ಹೋಗಿ ಕೊಟ್ಟೆ. ಟೀಚರ್ ಕುಡಿದರು, ಥ್ಯಾಂಕ್ಸ್ ಅಂದರು, ವೆಸ್ಟನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಹೋದರು.

ಗಿರಾಕಿಗಳು ಸೇರುವ ಭಾನುವಾರಕ್ಕೆ ಕಾದೆ. ಆ ಭಾನುವಾರ ಯಾರೂ ಬರಲಿಲ್ಲ. ಹನ್ನೊಂದನೇ ದಿನ ತಡೆಯಲಾರದೆ ಇವರೊಬ್ಬರಿಗೇ ಹೇಳಿದೆ.

ಜಿಪ್ಪಣ್ಣ ಮೇಜಿನ ದೀಪ ಆರಿಸಿದರು. ಆಮೇಲೆ, "ಬರೆದಾಗಿದೆ ಕಣೇ. ಈಗ ತಿದ್ದಿದ್ರೆ ನನ್ನ ಮಾತಿಗೇನು ಬೆಲೆ? ನಾಳೆ ಯಾರು ಬರ್ತಾರೆ?" ಎಂದರು.

"ರೀ, ಆಕೆಗೆ ಅದೊಂದೇ ಇರೋದು."

"ಅವತ್ತೇ ಯಾಕೆ ಬೊಗಳಲಿಲ್ಲ?"

ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಟೀಚರ್ ಮನೆ ಎರಡನೇ ಮಹಡಿಯಲ್ಲಿ. ಬಾಗಿಲು ತೆರೆದಿತ್ತು, ನೆಲ ಒರೆಸುತ್ತಿದ್ದರು. ಕೈಯಲ್ಲಿದ್ದ ಬಟ್ಟೆ ನಮ್ಮ ವಿಭಾಗದ ವೆಸ್ಟಿನದೇ ಹಸಿರು.

"ಟೀಚರ್, ಆ ವೆಸ್ಟು..."

"ಓ, ಅದಾ? ಕತ್ತರಿಸಿಬಿಟ್ಟೆ" ಎಂದರು. "ಇಷ್ಟು ವರ್ಷ ಯಾರೋ ಗಂಡಸಿನ ಬಟ್ಟೆ ದಿಂಬಿನ ಪಕ್ಕ ಇಟ್ಕೊಂಡು ಮಲಗಿದ್ನಲ್ಲಾ ಅಂತ ಅಸಹ್ಯ ಆಯ್ತು. ಬಟ್ಟೆ ಗಟ್ಟಿ, ನೀರು ಚೆನ್ನಾಗಿ ಹೀರುತ್ತೆ."

ನಾನು ಬಗ್ಗಿ ಅವರ ಕೈಯಿಂದ ಅದನ್ನು ತೆಗೆದುಕೊಂಡೆ. ಉದ್ದ ಜೇಬು ಅರ್ಧ ಉಳಿದಿತ್ತು. ಮೂಲೆಯಲ್ಲಿ ನನ್ನ ತಿರುವುಮುರುವು ಗಂಟು ಹಾಗೇ ಇತ್ತು. ಹೇಳದೆ ಬರುವುದೇ ದಯೆಯಾಗುತ್ತಿತ್ತೇನೋ. ಆದರೆ ಆಗ ಮುಚ್ಚಿಕೊಂಡಿದ್ದ ಬಾಯಿ ಈಗ ನಿಲ್ಲಲಿಲ್ಲ. ಬಕೆಟ್ಟಿನ ಪಕ್ಕ ಕೂತು ಎಲ್ಲ ಹೇಳಿಬಿಟ್ಟೆ.

ಟೀಚರ್ ಗೋಡೆಗೊರಗಿ ನೆಲದ ಮೇಲೆಯೇ ಕೂತರು. ಅಳಲಿಲ್ಲ.

"ಕನ್ನಡಕದಲ್ಲಿ ಹೇಗೆ ಕಾಣ್ತಿದ್ರು?" ಎಂದು ಕೇಳಿದರು.

"ಚೆನ್ನಾಗಿ ಕಾಣ್ತಿದ್ರು. ಥೇಟ್ ಮೇಷ್ಟ್ರ ಹಾಗೆ."

ಅವರ ತುಟಿ ನಗಲು ಹೋಯಿತು, ನಿಂತಿತು.

"ಅವತ್ತು ನಿಮ್ಮನೇಲಿ, ಅವ್ರು ಕನ್ನಡಕದ ವಿಷಯ ಕೇಳಿದಾಗ, ನೀವೆಲ್ಲಿದ್ರಿ?"

"ಅಡುಗೆಮನೇಲಿ."

"ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು."

"ಆಮೇಲೆ ಟೀ ತಂದುಕೊಟ್ರಿ."

"ಹೂಂ."

ಟೀಚರ್ ಮೊಣಕಾಲು ಹಿಡಿದುಕೊಂಡು ಎದ್ದರು. ನನ್ನ ಕೈಯಿಂದ ಆ ಬಟ್ಟೆ ತೆಗೆದುಕೊಂಡು, ಬಕೆಟ್ಟಿನಲ್ಲಿ ಅಲ್ಲ, ನಲ್ಲಿಯ ಕೆಳಗೆ ಹಿಡಿದು, ಸೋಪು ಹಚ್ಚಿ ತೊಳೆಯತೊಡಗಿದರು. ನನ್ನ ಕಡೆ ತಿರುಗಲಿಲ್ಲ.

"ಹೋಗುವಾಗ ಬಾಗಿಲು ಎಳ್ಕೊಂಡು ಹೋಗಿ" ಎಂದರು.