ಹರಗೋಲಿನ ತಳದ ಡಾಂಬರು

ಭಾನುವಾರ, ನವನಗರ. ಮನೆಯೆದುರಿನ ರಸ್ತೆಗೆ ಡಾಂಬರು ಹಾಕುತ್ತಿದ್ದಾರೆ. ವಾಸನೆ ತಾಳಲಾರದೆ ಕಿಟಕಿ ಮುಚ್ಚಿ ಕುಳಿತಿದ್ದೇನೆ.

ಬಾದಾಮಿ ಕಡೆಯ ನಮ್ಮೂರಲ್ಲಿ, ಗುಡ್ಡಗಳ ನಡುವೆ ತಾನಾಗಿಯೇ ನಿಂತ ಒಂದು ಕೆರೆಯಿತ್ತು. ವರ್ಷಕ್ಕೊಮ್ಮೆ ಅಲ್ಲಿ ಹರಗೋಲಿನ ಪಂದ್ಯ. ಗೆದ್ದವನಿಗೆ ವರ್ಷವಿಡೀ ಜನರನ್ನು ದಾಟಿಸುವ ಕೆಲಸ. ಸೋತರೆ ಅಪ್ಪ ಇಳಕಲ್ಲಿನ ಕಲ್ಲುಗಣಿಗೆ ಹೋಗಬೇಕಿತ್ತು.

ಹಿಂದಿನ ದಿನ ಅಪ್ಪ ತಳಕ್ಕೆ ಡಾಂಬರು ಬಳಿದು, ಹರಗೋಲನ್ನು ಬೋರಲು ಹಾಕಿ, ಕಾಯಲು ನನಗೆ ಹೇಳಿದ್ದ. ಒಳಗೆ ಕೂತು ಆಡುವ ಆಸೆಗೆ, ಹಸಿ ಇರುವಾಗಲೇ ನಾನದನ್ನು ಹುಲ್ಲಿನ ಮೇಲೆ ನೆಟ್ಟಗೆ ತಿರುಗಿಸಿದೆ. ಎತ್ತಿದಾಗ ಡಾಂಬರು ಹುಲ್ಲಿಗಂಟಿ ಕಿತ್ತು ಬಂತು. ಉಳಿದದ್ದನ್ನೇ ಸವರಿ ಮುಚ್ಚಿ ಮತ್ತೆ ಬೋರಲು ಹಾಕಿದೆ; ಯಾರಿಗೂ ಹೇಳಲಿಲ್ಲ.

ಪಂದ್ಯದಲ್ಲಿ ಹರಗೋಲಿನೊಳಗೆ ಬಂದ ನೀರು ತೋಡಿಹಾಕಲು ಮನೆಯವರೊಬ್ಬರು ಜೊತೆಗಿರುವುದು ಪದ್ಧತಿ. ನಾನು ಹೋದೆ.

“ಸೋತ್ರ ಅಳಾಕ ಮಗಳನ್ನ ತಂದೀಯೇನ್ಲೇ?” ಪಕ್ಕದ ಹರಗೋಲಿನಿಂದ ಹುಸೇನ್ ಕಾಕಾ ಕೆಣಕಿದರು.

“ನಿನ್ನ ಕಣ್ಣೀರ ಒರಸಾಕ ತಂದೇನಿ,” ಅಂದ ಅಪ್ಪ.

ನಡುಕೆರೆಯಲ್ಲಿ ನನ್ನ ಪಾದ ತಣ್ಣಗಾಯಿತು.

“ನೀರ ಬರಾಕತ್ತೈತೇನವ್ವಾ?” ಅಪ್ಪ ತಿರುಗದೆಯೇ ಕೇಳಿದ.

“ಇಲ್ಲಪ್ಪಾ.”

ಡಬ್ಬಿಯಿಂದ ತೋಡಿದಷ್ಟೂ ನೀರು ಏರಿತು. ಹರಗೋಲು ಭಾರವಾಗಿ ಇದ್ದಲ್ಲೇ ಸುತ್ತತೊಡಗಿತು. ಗೆದ್ದು ದಡ ಮುಟ್ಟಿದ ಹುಸೇನ್ ಕಾಕಾ ನಮ್ಮನ್ನು ಎಳೆದೊಯ್ಯಲು ಮರಳಿ ಬಂದರು.

“ನಾನೇ ಡಾಂಬರ ಸರಿ ಹಚ್ಚಿಲ್ಲ,” ಎಂದು ಅಪ್ಪ ಅವ್ವನೆದುರು ತಲೆ ತಗ್ಗಿಸಿದ. ಮರುವಾರ ಇಳಕಲ್ಲಿಗೆ ಹೋದ. ಗಣಿಯ ದೂಳು ಅವನ ಎದೆಯಲ್ಲೇ ಉಳಿಯಿತು.

ಈಗ ಅಪ್ಪ ಒಳಕೋಣೆಯಲ್ಲಿ ಕೆಮ್ಮುತ್ತಿದ್ದಾನೆ. ಇವತ್ತು ಅವನಿಗೆ ನಿಜ ಹೇಳಿಬಿಡಬೇಕೆಂದು ನಿರ್ಧರಿಸಿದ್ದೇನೆ. ಕುರ್ಚಿಯಿಂದ ಇನ್ನೂ ಎದ್ದಿಲ್ಲ.